ನಿದ್ದೆ ತುಂಬಿದ ಗಡಿಗೆ

ಉಪಮೆ ಕೊಟ್ಟು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನನ್ನ ಬಾಯಲ್ಲಿ ಒಂದೂ ಹುಟ್ಟುವುದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ. ಮಾದಾಪುರದ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ, ಆ ಚಟ ಮನೆಯಲ್ಲೂ ಬಿಡದು. ಹೀಗಿರುವಾಗ ಊರಿನ ಇನ್ನೊಂದು ತುದಿಯಲ್ಲಿ, ನಾನಿರುವ ಮಲ್ಕಾಜ್‌ಗಿರಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ದೇಸಾಯರು ಮಕ್ಕಳ ಕಾರ್ಯಕ್ರಮಕ್ಕೆ ಕರೆದರು. “ಕಥಿ ಅಂದ್ರ ನಮಗೇನು ಅಂತ ಒಂದು ಛಲೋ ಉಪಮಾ ಕೊಟ್ಟು ಮಾತಾಡ್ರಿ. ಶನಿವಾರ ಸಂಜಿ ಐದಕ್ಕ. ಐದಂದ್ರ ಐದು!” ದೇಸಾಯರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅವರ ಕೈಗಡಿಯಾರಕ್ಕೆ ನಮ್ಮ ಇಡೀ ಓಣಿ ಹೆದರುತ್ತದೆ.

ಒಂದು ವಾರ ಒದ್ದಾಡಿದೆ. ಕಥೆ ಒಂದು ನದಿ ಎಂದು ಬರೆದೆ. ನಮ್ಮೂರಿನ ಮೂಸಿ ನದಿಯ ಸೇತುವೆ ದಾಟುವಾಗ ನಾತಕ್ಕೆ ಮೂಗು ಮುಚ್ಚಿಕೊಂಡದ್ದು ನೆನಪಾಗಿ ಹೊಡೆದುಹಾಕಿದೆ. ಕಥೆ ಒಂದು ಕನ್ನಡಿ ಎಂದೆ. ಕನ್ನಡಿಯಿಂದ ನನಗೆ ಇಂದಿನವರೆಗೆ ಒಂದು ಒಳ್ಳೆಯ ಸುದ್ದಿಯೂ ಬಂದಿಲ್ಲ. ಕೊನೆಗೆ ‘ಕಥೆ ದಾರಿ ತೋರಿಸುವ ದೀಪ’ ಎಂಬುದಕ್ಕೇ ಗಂಟುಬಿದ್ದೆ.

ಶನಿವಾರವೂ ಆಫೀಸಿತ್ತು. ಮೂರೂವರೆಗೆ ಕ್ಯಾಬು ಹತ್ತಿದೆ. ನಡೆಸುವವರು ಬೀದರ ಕಡೆಯ ಸಲೀಂ ಭಾಯಿ. ಊರಿಗೆಲ್ಲ ಸಾಫ್ಟ್‌ವೇರಿನ ಹುಚ್ಚು ಹಿಡಿದ ಮೇಲೆ ಅವರದು ಹಗಲೂ ರಾತ್ರಿ ಡ್ಯೂಟಿ. ಕಣ್ಣು ಸದಾ ಕೆಂಡ. ಮಕ್ಕಳಿಗೆ ನನ್ನ ಅಜ್ಜಿಯ ಕಥೆಯೊಂದನ್ನು ಹೇಳುವವಳಿದ್ದೆ. ಅದನ್ನು ಇಲ್ಲೇ ಒಮ್ಮೆ ಹೇಳಿ ನೋಡುತ್ತೇನೆಂದೆ.

“ಹಗಲಾಗ ಕಥಿ ಬ್ಯಾಡ್ರಿ ಮೇಡಂ. ಹಗಲಾಗ ಕಥಿ ಹೇಳಿದ್ರ ಹಾದ್ಯಾಗ ಹೊಂಟೋರು ರಸ್ತಾ ತಪ್ಪತಾರಂತ ನಮ್ಮ ಅಮ್ಮಿ ಹೇಳ್ತಿದ್ಲು.”

ಇಂಜಿನಿಯರ್ ಆದ ನಾನು ನಕ್ಕು ಶುರುಮಾಡಿಯೇಬಿಟ್ಟೆ. ಒಬ್ಬ ಕುಂಬಾರಗಿತ್ತಿ. ನಿದ್ದೆಯಿಂದ ಕೆಲಸ ಕೆಡುತ್ತದೆಂದು ತನ್ನ ನಿದ್ದೆಯನ್ನೆಲ್ಲ ಒಂದು ಗಡಿಗೆಯಲ್ಲಿ ತುಂಬಿ, ಬಾಯಿಗೆ ಅರಿವೆ ಕಟ್ಟಿ, ಸಂತೆಗೆ ಮಾರಲು ಹೊರಟಳು. ಗೌಡ ಬಂದು ಮೂಸಿ ನೋಡಿದ, ಆಕಳಿಸುತ್ತ ಅಲ್ಲೇ ಒರಗಿದ. ಸಾಹುಕಾರ ಚೌಕಾಸಿಗೆ ಬಗ್ಗಿದ, ಅವನೂ ಒರಗಿದ. ಸಲೀಂ ಭಾಯಿ “ಹೂಂ” ಎನ್ನುತ್ತಿದ್ದರು. ಹಾರ್ನ್ ಇಲ್ಲದೆ ಒಂದು ಫರ್ಲಾಂಗೂ ಓಡಿಸದ ಮನುಷ್ಯ ಹಾರ್ನನ್ನೇ ಮರೆತಿದ್ದರು.

ಗಾಡಿ ನಿಂತಾಗ ನೋಡುತ್ತೇನೆ, ಸುತ್ತ ಫ್ಯಾಕ್ಟರಿಯ ಶೆಡ್ಡುಗಳು. ನಾಚಾರಂ! ಮೆಟ್ಟುಗೂಡದಲ್ಲಿ ಮಲ್ಕಾಜ್‌ಗಿರಿ ಕಡೆಗೆ ಹೊರಳಬೇಕಾದವರು ಮುಂದಿನ ಲಾರಿಯ ಬೆನ್ನು ಹಿಡಿದು ಇಲ್ಲಿಗೆ ಬಂದಿದ್ದೆವು. ಈ ಊರಿನ ಗಲ್ಲಿಗಲ್ಲಿ ಬಲ್ಲವರು ಸಲೀಂ ಭಾಯಿ! ಗಂಟೆ ಐದಾಗಿತ್ತು. ನನ್ನ ದೀಪ ಅಲ್ಲೇ ಆರಿತು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರು ಹಿಂದಕ್ಕೆ ತಿರುಗಿ, “ಗಡಿಗಿ ಯಾರು ತಗೊಂಡ್ರು ಮೇಡಂ?” ಎಂದರು. ಆ ಕೆಂಪು ಕಣ್ಣುಗಳಲ್ಲಿ ಎಂಥ ಆಸೆಯಿತ್ತೆಂದರೆ, ಮಾರುವವಳು ನಾನೇ ಎಂಬಂತೆ ನೋಡುತ್ತಿದ್ದರು.

ಆಗ ಗೊತ್ತಾಯಿತು, ನನಗೆ ಕೊನೆಯೇ ಗೊತ್ತಿಲ್ಲ. ಅಜ್ಜಿ ಅದನ್ನು ದಿನಾ ಹೇಳುತ್ತಿದ್ದಳು. ಸಾಹುಕಾರ ಒರಗುವ ಹೊತ್ತಿಗೆ ನಾನೂ ಒರಗುತ್ತಿದ್ದೆ. ಒಂದು ದಿನವೂ ಮುಂದೆ ಕೇಳಿಲ್ಲ. ನಾಚಿಕೆಯಿಂದ ಹಾಗೆಂದೆ.

ಸಲೀಂ ಭಾಯಿ ನಕ್ಕುಬಿಟ್ಟರು. “ಹಂಗಾರ ಆ ಗಡಿಗಿ ನೀವ ತಗೊಂಡ್ರಿ ಬಿಡ್ರಿ. ನಿಮ್ಮ ಅಜ್ಜಿ ಎಚ್ಚರಿರತಿದ್ರೇನು?”

ಇರುತ್ತಿದ್ದಳು. ನಡುರಾತ್ರಿ ಎದ್ದರೂ ನನ್ನ ತಲೆ ಸವರುವ ಅವಳ ಕೈ ತಾಗುತ್ತಿತ್ತು. ಮುದುಕಿಗೆ ನಿದ್ದೆ ಕಮ್ಮಿ ಅಂದುಕೊಂಡಿದ್ದೆ. ವಾರವಿಡೀ ನಾನು ಹುಡುಕಿದ್ದನ್ನು ಈ ಮನುಷ್ಯ ಗೇರು ಹಾಕುತ್ತ ಹೇಳಿಬಿಟ್ಟಿದ್ದರು.

ಮುಕ್ಕಾಲು ಗಂಟೆ ತಡವಾಗಿ ಸಭೆಗೆ ಹೋದೆ. ದೇಸಾಯರು ಗಡಿಯಾರ ತಟ್ಟಿ, “ಎರಡ ನಿಮಿಷ” ಎಂದರು. ನಾನು ಎದ್ದು, ಕಥೆಯೆಂದರೆ ನಮ್ಮನ್ನು ಪ್ರೀತಿಸುವವರು ನಮಗಾಗಿ ಗಡಿಗೆಯಲ್ಲಿ ತುಂಬಿಟ್ಟ ಅವರ ನಿದ್ದೆ ಎಂದೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ದೇಸಾಯರೂ ಕನ್ನಡಕ ತೆಗೆದು ಒರೆಸಿಕೊಂಡು, “ಎಂಥಾ ಉಪಮಾ! ಹೆಂಗ ಹೊಳೀತ್ರಿ?” ಎಂದರು. “ಹಿಂಗ ಬರೂ ಹಾದ್ಯಾಗ” ಎಂದೆ ನಾನು, ತಲೆ ತಗ್ಗಿಸಿ, ಭಾರಿ ವಿನಯದಿಂದ.

ಬಾಗಿಲಲ್ಲಿ, ಚಪ್ಪಲಿಗಳ ರಾಶಿಯ ಪಕ್ಕ, ಸಲೀಂ ಭಾಯಿ ನಿಂತಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ಅಂದು ನನಗೆ ಮಾತ್ರ ನಿದ್ದೆ ಬರಲಿಲ್ಲ.