ಕಾಲು ಬಂದ ಹಾರ್ಮೋನಿಯಂ

ತಪ್ಪು ನನ್ನದಲ್ಲ, ನನ್ನ ಎಡಗೈಯದು. ಮೂಡಲಗಿಯ ಭಜನಾ ಮಂಡಳಿಯಲ್ಲಿ ಹರೆಯದಿಂದ ಹಾರ್ಮೋನಿಯಂ ನುಡಿಸುತ್ತ ಬಂದವನು ನಾನು. ಬಲಗೈ ಬಿಳಿ-ಕರಿ ಪಟ್ಟಿಗಳ ಮೇಲೆ ಓಡಾಡಿದರೆ, ಪಾಪ, ಎಡಗೈಗೆ ತಿದಿ ಒತ್ತಿ ಗಾಳಿ ಹಾಕುವುದೊಂದೇ ಗೊತ್ತು. ಗೋಕಾಕಿನ ಹೊಸ ಶಾಲೆಯೊಂದು ಪಿಯಾನೊ ತರಿಸಿ, ಕಲಿಸುವವರು ಬೇಕೆಂದು ಬೋರ್ಡು ಹಚ್ಚಿದ್ದೇ ತಡ, ನನ್ನ ಮೈಯೊಳಗೆ ಗಂಧರ್ವನೊಬ್ಬ ಹೊಕ್ಕ.

“ಪಿಯಾನೊ ಬರ್ತೈತೇನ್ರಿ ನಿಮಗ?” ಅಂದಳು ಹೆಂಡತಿ ವಿಜಯಲಕ್ಷ್ಮಿ.

“ಅದೇನ ದೊಡ್ಡದು? ಕಾಲು ಬಂದ ಹಾರ್ಮೋನಿಯಂ!”

(ಈ ಮಾತು ಕಿವಿಗೆ ಬಿದ್ದ ಮಂಡಳಿಯವರಿಗೆ ಎಷ್ಟು ಹಿಡಿಸಿತೆಂದರೆ, ಅಂದೇ ನನಗೆ ಶಾಲು ಹೊದಿಸಿ ಬೀಳ್ಕೊಟ್ಟು, ಹಾರ್ಮೋನಿಯಮ್ಮನ್ನು ತಾಳ ಹಾಕುತ್ತಿದ್ದ ಖಂಡೆಪ್ಪನ ಮುಂದಿಟ್ಟರು. ಇನ್ನು ಹಿಂದಿರುಗುವ ದಾರಿಯಿಲ್ಲ.)

ಬೋಧನಾ ಕ್ರಮ ತಿಳಿಯಲು ಮೊಬೈಲಿನ ಪಂಡಿತರ ಮೊರೆ ಹೊಕ್ಕೆ. ಒಬ್ಬ ‘ಮೊದಲು ಸ್ವರಲಿಪಿ ಓದಿಸಿ’ ಅಂದ. ಇನ್ನೊಬ್ಬ ‘ಓದಿಸಿದಿರೋ ಮಗು ಕೆಟ್ಟಿತು, ಕಿವಿಯಿಂದ ಕಲಿಸಿ’ ಅಂದ. ಇನ್ನೊಬ್ಬಳು ‘ಅಂಗೈಯಲ್ಲಿ ಕಿತ್ತಳೆ ಹಿಡಿದಂತೆ ಬೆರಳು ಬಾಗಿರಲಿ’ ಅಂದಳು. ಲಿಪಿ ತಿಳಿಯಲಿಲ್ಲ, ಕಿವಿ ಯಾರದೆಂದು ತಿಳಿಯಲಿಲ್ಲ. ಕಿತ್ತಳೆ ಹಿಡಿದು ಮನೆ ತುಂಬ ಅಡ್ಡಾಡಿದೆ.

“ತಿನ್ರಿ, ಇಲ್ಲಾ ಇಡ್ರಿ!” ಅಂದಳು ವಿಜಯಲಕ್ಷ್ಮಿ.

“ಇದು ತಂತ್ರ.”

“ಮತ್ತ ಎಡಗೈಗೆ ಏನ ಕೆಲಸ?”

“ಗಾಳಿ ಹಾಕೂದು.”

“ಅದರಾಗ ಗಾಳಿ ಎಲ್ಲಿ ಹಾಕ್ತಾರ್ರಿ?”

“ಎಲ್ಲೋ ಇರ್ತೈತಿ. ಹೋದ ಮ್ಯಾಲೆ ಸಿಗ್ತೈತಿ.”

ಸಿಗಲಿಲ್ಲ. ಪರೀಕ್ಷಾರ್ಥ ಶಾಲೆಯ ಹೆಡ್‌ಮೇಡಂ ನನ್ನನ್ನು ಒಂದನೇ ತರಗತಿಯ ಮಕ್ಕಳೆದುರು ಪಿಯಾನೊ ಮುಂದೆ ಕೂಡಿಸಿದರು. ಬಲಗೈ ಸರಿಗಮ ಹಿಡಿಯಿತು. ಎಡಗೈ ಎದುರಿನ ಹಲಗೆಯನ್ನೇ ತಿದಿಯೆಂದು ನಂಬಿ ದಬದಬ ತಟ್ಟತೊಡಗಿತು.

ಐಶ್ವರ್ಯ ಎಂಬ ಚೋಟುದ್ದದ ಹುಡುಗಿ ಎದ್ದು ನಿಂತು, “ಸರ್ರ, ನೊಣ ಹೊಡ್ಯಾಕತ್ತೀರೇನ್ರಿ?” ಅಂದಳು.

“ಇದು ತಂತ್ರ,” ಅಂದೆ. ಮರುಕ್ಷಣ ಇಡೀ ತರಗತಿ ಬೆಂಚು ತಟ್ಟತೊಡಗಿತು.

ಹೆಡ್‌ಮೇಡಂ ಬಹಳ ಹೊತ್ತು ನನ್ನ ಎಡಗೈಯನ್ನೇ ನೋಡಿ, “ಸೋಮವಾರದಿಂದ ತಪ್ಪದ ಬರ್ರಿ,” ಅಂದರು. ನಾನು ಊರಿಗೆಲ್ಲ ಕರದಂಟು ಹಂಚಿದೆ.

ಸೋಮವಾರ ಹೋದರೆ ಪಿಯಾನೊ ಮುಂದೆ ಬೆಳಗಾವಿಯಿಂದ ಬಂದ ಹುಡುಗಿಯೊಬ್ಬಳು ಎರಡೂ ಕೈ ಓಡಿಸುತ್ತ ಕೂತಿದ್ದಳು. “ಬರ್ರಿ ಕಾಕಾ, ಮೇಡಂ ಹೇಳ್ಯಾರ. ನಿಮಗ ಫೀ ಇಲ್ಲ. ಐಶ್ವರ್ಯಾನ ಬಾಜೂ ಕುಂದರ್ರಿ.”

ಈಗ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂಡುತ್ತೇನೆ. ಊರವರು ‘ಪಿಯಾನೊ ಮಾಸ್ತರ’ ಅನ್ನುತ್ತಾರೆ, ನಾನು ತಿದ್ದಿಲ್ಲ. ಶನಿವಾರ ಪಾಲಕರ ಸಭೆಯಂತೆ, ಶಾಲೆಯ ಚೀಟಿ ಹೆಂಡತಿಯ ಹೆಸರಿಗೆ ಬಂದಿದೆ. ವಿಜಯಲಕ್ಷ್ಮಿ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ನಾನೂ ಜೊತೆಗೆ ಬರುತ್ತೇನೆ ಅಂದರೆ ತಡೆದಳು:

“ನೀವ ಬರಬ್ಯಾಡ್ರಿ. ಅದು ದೊಡ್ಡವರ ಸಭಾ.”