ಮಾವನವರ ಬೋರ್ಬೊರಿಗ್ಮಿ

ವೈದ್ಯಕೀಯ ಶಬ್ದಗಳ ಅರ್ಥ ಬಿಡಿಸುವುದರಲ್ಲಿ ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವನು ನಾನು. ಪಾಸಾಗಿದ್ದೆನೇ ಎಂದು ಯಾರೂ ಕೇಳಿರಲಿಲ್ಲ!

ನಾದಿನಿ ವಿದ್ಯಾಳ ನಿಶ್ಚಿತಾರ್ಥ ಭಾನುವಾರ ನಮ್ಮ ಮನೆಯಲ್ಲೇ ನಡೆಯುವುದಿತ್ತು. ಅದಕ್ಕಾಗಿ ವಿಜಯಪುರದಿಂದ ಬಂದ ಮಾವನವರ ಹೊಟ್ಟೆ ಯಾಕೋ ಗುರುಗುಟ್ಟತೊಡಗಿತು. ಡಾಕ್ಟರ ಬಳಿ ಕರೆದೊಯ್ದೆ. ಅವರು ಹೊಟ್ಟೆಗೆ ಸ್ಟೆತಾಸ್ಕೋಪ್ ಒತ್ತಿ, “ಇಡಿಯೋಪಥಿಕ್ ಬೋರ್ಬೊರಿಗ್ಮಿ. ಕಾಳಜಿ ಕರೂ ನಕಾ” ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು.

ಅರ್ಥ ಕೇಳುವುದು ನನ್ನ ಘನತೆಗೆ ಕುಂದು. ಗಂಭೀರವಾಗಿ ತಲೆಯಾಡಿಸಿ ಬಂದೆ.

“ಏನಂದ್ರು ಡಾಕ್ಟರು?” ಹೆಂಡತಿ ಸುಧಾ ಬಾಗಿಲಲ್ಲೇ ಕೇಳಿದಳು.

“ಬೋರ್ಬೊರಿಗ್ಮಿ! ನೋಡು, ಶಬ್ದದ ಕೊನೀಗೆ ‘ಐಟಿಸ್’ ಬಂದ್ರ ಉರಿಯೂತ. ‘ಓಮಾ’ ಬಂದ್ರ ಗಡ್ಡಿ. ಇದಕ್ಕ ಎರಡೂ ಇಲ್ಲ. ಭಾಳ ಅಪರೂಪದ ರೋಗ!”

“ಕಾಳಜಿ ಮಾಡಬ್ಯಾಡ್ರಿ ಅಂದ್ರಂತ ಅಪ್ಪ ಹೇಳಾಕತ್ತಾರಲ್ಲ?”

“ಕಾಳಜಿ ಮಾಡೂವಂಥಾದ್ದು ಇದ್ದಾಗನ ಹಂಗ ಅಂತಾರ!”

ಅವಳು ಅಳತೊಡಗಿದಳು. ನನ್ನ ವಿದ್ವತ್ತಿಗೆ ಇಷ್ಟು ಬೇಗ ಫಲ ಸಿಕ್ಕಿದ್ದು ಅದೇ ಮೊದಲು. ಹುರುಪಿನಿಂದ ಪಥ್ಯವನ್ನೂ ಘೋಷಿಸಿದೆ: ಗಂಜಿಯ ತಿಳಿ ಮಾತ್ರ!

ಮಾವನವರ ಹೊಟ್ಟೆಯ ಸದ್ದು ಕಡಿಮೆಯಾಗಲಿಲ್ಲ. ಏರಿತು! ಅದು ಏರಿದಂತೆಲ್ಲ ನಾನು ತಿಳಿಯನ್ನು ಇನ್ನಷ್ಟು ತೆಳುವಾಗಿಸಿದೆ. ಕೊನೆಗೆ ಅದರಲ್ಲಿ ಲೋಟದ ತಳ ಕಾಣುತ್ತಿತ್ತು. ಸದ್ದು ಪಕ್ಕದ ಕೋಣೆಗೂ ಕೇಳಿಸತೊಡಗಿದಾಗ, ಹೊಣೆಗಾರಿಕೆಯುಳ್ಳ ಹಿರಿಯ ಅಳಿಯನಾಗಿ ತಳೇಗಾಂವದ ಬೀಗರಿಗೆ ಫೋನ್ ಮಾಡಿ ನಿಶ್ಚಿತಾರ್ಥವನ್ನು ಮುಂದೂಡಿದೆ. ವಿದ್ಯಾ ನನ್ನೊಡನೆ ಮಾತು ಬಿಟ್ಟಳು.

ಭಾನುವಾರ ಬೀಗರು ಗಾಬರಿಯಿಂದ ರೋಗಿಯನ್ನು ನೋಡಲು ಬಂದರು. ಎಲ್ಲರೂ ಮೌನವಾಗಿ ಕುಳಿತರು. ಆ ಮೌನದಲ್ಲಿ ಮಾವನವರ ಹೊಟ್ಟೆ ಲಾರಿ ಗೇರು ಬದಲಿಸಿದಂತೆ ಗರ್ಜಿಸಿತು. ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಿದ್ಯಾ ಇನ್ನು ತಡೆಯಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಅರ್ಥವನ್ನೇ ಕೇಳಿಬಿಟ್ಟಳು. “ಡಾಕ್ಟರ್, ಬೋರ್ಬೊರಿಗ್ಮಿ ಮ್ಹಣಜೆ ಕಾಯ?”

“ಅಹೋ, ಪೋಟಾತ ಗುಡಗುಡ!”

ಹೊಟ್ಟೆ ಗುಡುಗುಡು! ನಾವು ಹೇಳಿದ್ದನ್ನೇ ಡಾಕ್ಟರು ದೊಡ್ಡ ಭಾಷೆಯಲ್ಲಿ ನಮಗೆ ಮರಳಿಸಿದ್ದರು.

“ಮತ್ತೆ ಇಡಿಯೋಪಥಿಕ್?” ನಾನು ಕೊನೆಯ ಆಸೆಯಿಂದ ಕೇಳಿದೆ.

“ಕಾರಣ ಮಾಹೀತ ನಾಹೀ.” ಅಂದರೆ, ಕಾರಣ ಗೊತ್ತಿಲ್ಲ!

“ಕಾರಣ ನನಗ ಗೊತ್ತದ!” ಮಾವನವರು ಹಾಸಿಗೆಯಿಂದ ಜಿಗಿದೆದ್ದರು. “ಈ ಅಳಿಯ ನನಗ ಊಟಾನ ಹಾಕಿಲ್ರಿ!”

ಬೀಗರು ನಕ್ಕ ನಗೆಗೆ ಕೆಳಗಿನ ಮನೆಯವರು ಮೇಲೆ ಬಂದರು. ಹೇಗೂ ಎಲ್ಲರೂ ಸೇರಿದ್ದರಿಂದ ನಿಶ್ಚಿತಾರ್ಥ ಅಂದೇ ನಡೆಯಿತು. ಮಾವನವರು ಹೋಳಿಗೆಯ ಮುಂದಿನಿಂದ ಏಳಲೇ ಇಲ್ಲ.

ಮದುವೆಯ ಕೆಲಸ ಹಂಚುವಾಗ ಅವರೇ ನನ್ನನ್ನು ಕರೆದರು. “ಅಳಿಯಂದ್ರ, ನೀವು ಚಪ್ಪಲಿ ಕಾಯ್ರಿ. ಅದರಾಗ ಯಾವ ಶಬ್ದದ ಅರ್ಥಾನೂ ಹೇಳೋದಿರೂದಿಲ್ಲ.”

ಮಂಟಪದ ಬಾಗಿಲಲ್ಲಿ ನಿಂತು, ಕಣ್ಣು ಮಿಟುಕಿಸದೆ ಕಾದೆ. ಮದುವೆ ಮುಗಿದಾಗ ಕಾಣೆಯಾಗಿದ್ದು ಒಂದೇ ಒಂದು ಜೊತೆ.

ನನ್ನದು!