ನೀಲಿ ಟವಲನ್ನು ಮುಟ್ಟಬೇಡ

ಮೂವತ್ತನಾಲ್ಕು ವರ್ಷ ಲ್ಯಾಟಿನ್ ಪಾಠ ಹೇಳಿ, ಊರಿನ ಅರ್ಧ ಜನರ ಬರಹಕ್ಕೆ ಕೆಂಪು ಗೀಟು ಎಳೆದಿದ್ದ ಆರ್ಡಿಸ್ ಹ್ವಿಡ್‌ಸ್ಟೆನ್, ನಿವೃತ್ತಿಯಾದ ಮರುವರ್ಷ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಕಥೆ ಬರೆಯುವ ತರಗತಿಗೆ ಸೇರಿದಳು. ಕಲಿಯಲಿಕ್ಕಲ್ಲ, ಕಥೆ ಎಂದರೇನೆಂದು ಮಿನ್ನೆಸೋಟ ರಾಜ್ಯಕ್ಕೆ ಒಮ್ಮೆ ತೋರಿಸಿಬಿಡಲಿಕ್ಕೆ!

"ಡಿಸೆಂಬರ್‌ನಲ್ಲಿ ಊರವರ ಮುಂದೆ ಓದೋದಕ್ಕೆ ತರಗತಿಯಿಂದ ಒಬ್ಬರನ್ನೇ ಆರಿಸ್ತಾರೆ. ಯಾರು ಅಂತ ಬೇರೆ ಹೇಳ್ಬೇಕಾ?" ಎಂದಳು ಗಂಡನಿಗೆ.

"ಬೇಡ. ಆದ್ರೂ ಹೇಳ್ತೀಯ," ಎಂದ ವರ್ಲಿನ್.

ರೋಮ್ ಸಾಮ್ರಾಜ್ಯದ ಪತನವನ್ನು ಒಬ್ಬ ವಿಧವೆಯ ಕಣ್ಣೀರಿನಲ್ಲಿ ತೇಲಿಸಿ ಆಕೆ ನಲವತ್ತು ಪುಟ ಬರೆದಳು. ಹನ್ನೆರಡು ಪ್ರತಿ ತೆಗೆಸಿ ತರಗತಿಯ ಮೇಡಂಗೆ ಕೊಟ್ಟು ಬಾ ಎಂದು ವರ್ಲಿನ್‌ನನ್ನು ಕಳಿಸಿದಳು. ಮೇಜಿನ ಮೇಲೆ ಎರಡು ಬರಹಗಳಿದ್ದವು. ವರ್ಲಿನ್ ಓದಿ ನೋಡದೆ ತೆಳ್ಳಗಿದ್ದುದನ್ನು ಒಯ್ದ.

ಗುರುವಾರ ತರಗತಿಯಲ್ಲಿ, ಲಾರಿ ಓಡಿಸುವ ಡ್ವೇನ್ ಎದ್ದುನಿಂತು, ಆರ್ಡಿಸ್‌ಳ ಕಥೆಯೆಂದು ಹಂಚಿದ ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದ:

"ವರ್ಲಿನ್, ಮುಂದಿನ ವಾರದಿಂದ ನಾನಿರುವುದಿಲ್ಲ. ಗಾಬರಿಯಾಗಬೇಡ. ಫ್ರಿಜ್ಜಿನಲ್ಲಿ ಐದು ದಿನದ ಊಟವಿದೆ. ಆಮೇಲಿನದು ನೀನೇ ನೋಡಿಕೊ. ನೀಲಿ ಟವಲನ್ನು ಮುಟ್ಟಬೇಡ, ಅದು ಅತಿಥಿಗಳದು. ಗಿಡಗಳಿಗೆ ನೀರು ಹಾಕು, ಹಾಡು ಹೇಳಬೇಡ. ಯಾರು ಕೇಳಿದರೂ ನಾನು ಚೆನ್ನಾಗಿದ್ದೇನೆ ಅನ್ನು."

ಆರ್ಡಿಸ್ ಚಂಗನೆ ಎದ್ದಳು. ಮೇಡಂ ಕೆಂಡ್ರಾ ಬೆರಳೆತ್ತಿದಳು. ಆ ತರಗತಿಗೆ ಇದ್ದುದು ಒಂದೇ ಕಟ್ಟಳೆ: ಚರ್ಚೆ ಮುಗಿಯುವವರೆಗೆ ಬರೆದವರು ತುಟಿ ಬಿಚ್ಚುವಂತಿಲ್ಲ!

"ಸಾಯ್ತಾ ಇದಾಳೆ. ಆದ್ರೆ ಸಾವು ಅನ್ನೋ ಪದಾನೇ ಇಲ್ಲ!" ಎಂದು ಒಬ್ಬಳು ಮೂಗೊರೆಸಿಕೊಂಡಳು.

"ಆ ಟವಲ್ಲು..." ಎಂದು ಡ್ವೇನ್ ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡ.

ಕೊನೆಗೂ ಬಾಯಿ ಬಿಡುವ ಸರದಿ ಬಂತು. "ಇದು ಕಥೆಯಲ್ಲ," ಎಂದಳು ಆರ್ಡಿಸ್. "ನನ್ನ ಗಂಡನಿಗೆ ಬರೆದದ್ದು. ಮುಂದಿನ ಶುಕ್ರವಾರ ನಾನು ಹೊರಟೆ..."

ತರಗತಿ ಗೊಳೋ ಎಂದಿತು. "ಡಿಸೆಂಬರಿನ ಓದು ನಿಮ್ಮದೇ, ಆರ್ಡಿಸ್ ಅವರೇ," ಎಂದು ಕೆಂಡ್ರಾ ಕೈಹಿಡಿದಳು. ಮಾತು ಮುಗಿಸಲು ತೆರೆದಿದ್ದ ಬಾಯನ್ನು ಆರ್ಡಿಸ್ ನಿಧಾನವಾಗಿ ಮುಚ್ಚಿಕೊಂಡಳು.

ಸಾವಿನ ಮನೆಗೆ ಅಲ್ಲಿಯವರು ಬರಿಗೈಯಲ್ಲಿ ಹೋಗುವುದಿಲ್ಲ. ಮಾಂಸ, ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ ಹಾಟ್‌ಡಿಶ್ ಒಯ್ಯುತ್ತಾರೆ. ಶನಿವಾರ ಮಧ್ಯಾಹ್ನದೊಳಗೆ ಹ್ವಿಡ್‌ಸ್ಟೆನ್ ಮನೆಗೆ ಒಂಬತ್ತು ಪಾತ್ರೆ ಬಂದವು! ಡ್ವೇನ್ ಬಾಗಿಲಲ್ಲೇ ವರ್ಲಿನ್‌ನನ್ನು ತಬ್ಬಿಕೊಂಡ.

"ಧೈರ್ಯ ತಂದ್ಕೊಳ್ಳಿ, ಅಣ್ಣಾ."

"ಮದುವೆಯಾದಾಗ್ಲೇ ತಂದ್ಕೊಂಡಿದೀನಪ್ಪಾ," ಎಂದ ವರ್ಲಿನ್. ಅವನು ಹೋದ ಮೇಲೆ ಒಳಗೆ ತಿರುಗಿ, "ಯಾರೇ ಸತ್ತಿದ್ದು?"

"ನಾನು."

ವರ್ಲಿನ್ ಒಂದು ಮುಚ್ಚಳ ತೆಗೆದು ಮೂಸಿದ. "ಅವಸರ ಮಾಡ್ಬೇಡ ಮಾರಾಯ್ತಿ, ನಿಧಾನವಾಗಿ ಸಾಯಿ. ನಿನ್ನ ಅಡುಗೆಗಿಂತ ಚೆನ್ನಾಗಿದೆ!"

ಐದು ದಿನ ಅನ್ಯರ ಕರುಣೆಯನ್ನು ಚಮಚದಲ್ಲಿ ತಿಂದ ಮೇಲೆ ಆರ್ಡಿಸ್‌ಗೆ ಅದು ಅರಗಲಿಲ್ಲ. ಗುರುವಾರ ತರಗತಿಯ ಮುಂದೆ ನೆಟ್ಟಗೆ ನಿಂತು ಹೇಳಿದಳು: "ನನಗೇನೂ ಆಗಿಲ್ಲ. ಡುಲೂತ್‌ನಲ್ಲಿರೋ ತಂಗಿ ಮನೆಗೆ ಹೊರಟಿದೀನಿ, ಅಷ್ಟೆ. ಹತ್ತು ದಿನಕ್ಕೆ ವಾಪಸ್. ಆವತ್ತೇ ಹೇಳ್ಬೇಕಾಗಿತ್ತು. ಡಿಸೆಂಬರಿನ ಓದಿನ ಆಸೆಗೆ ಬಾಯಿ ಮುಚ್ಚಿಕೊಂಡೆ."

ಕೆಂಡ್ರಾ ಆ ಒಂದು ಪುಟವನ್ನು ಮತ್ತೆ ಮೇಲಿನಿಂದ ಕೆಳಗೆ ಓದಿದಳು. ಬೈಯುತ್ತಾಳೆ, ಹೊರಗೆ ಹಾಕುತ್ತಾಳೆ ಎಂದು ಆರ್ಡಿಸ್ ಎಲ್ಲಕ್ಕೂ ಸಿದ್ಧಳಾಗಿ ನಿಂತಿದ್ದಳು.

ಕೆಂಡ್ರಾ ಹಾಳೆಯನ್ನು ಬೇಸರದಿಂದ ಕೆಳಗಿಟ್ಟಳು.

"ಬದುಕಿಬಿಟ್ರಾ? ಛೆ, ಅಂತ್ಯ ತುಂಬಾ ಸಪ್ಪೆಯಾಯ್ತು!"